ಉಟ್ಟು ಬಿಟ್ಟ ಬಟ್ಟೆ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಹಳೆಯ ಪುಸ್ತಕ ಕೊಂಡವನನ್ನು ನಾವು ರಸಿಕನೆನ್ನುತ್ತೇವೆ. ಹಳೆಯ ತಾಮ್ರದ ಹಂಡೆ ಕೊಂಡವನನ್ನು ಜಾಣನೆನ್ನುತ್ತೇವೆ. ಹಳೆಯ ಬಟ್ಟೆ ಕೊಂಡವನಿಗೆ ಮಾತ್ರ ಒಂದು ಒಳ್ಳೆಯ ಹೆಸರು ನಮ್ಮ ಭಾಷೆಯಲ್ಲಿ ಇನ್ನೂ ಹುಟ್ಟಿದಂತಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅಪರೂಪದ ಗ್ರಂಥವೊಂದು ಅಗ್ಗಕ್ಕೆ ಸಿಕ್ಕಿತೆಂದು ಹತ್ತು ಜನರಿಗೆ ತೋರಿಸಿ ಬೀಗುವ ನನ್ನ ಸಾಹಿತ್ಯಮಿತ್ರರಲ್ಲಿ ಒಬ್ಬರಾದರೂ, ತಮ್ಮ ಮೈಮೇಲಿನ ಅಂಗಿಯನ್ನು ತೋರಿಸಿ, ಇದು ಇನ್ನೊಬ್ಬರು ತೊಟ್ಟು ಬಿಟ್ಟದ್ದು ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಹಿಂದಿನ ಒಡೆಯನ ಹೆಸರಿದ್ದರೆ ಅದು ಪುಸ್ತಕಕ್ಕೆ ಶೋಭೆ. ಕೋಟಿನ ಅಸ್ತರಿನಲ್ಲಿ ಹಾಗೊಂದು ಹೆಸರಿದ್ದರೆ ತೊಟ್ಟವನು ಅದನ್ನು ಗುಟ್ಟಾಗಿ ಬಿಚ್ಚಿ ಒಗೆಯುತ್ತಾನೆ.

ಐವತ್ತು ವರ್ಷಗಳ ಹಿಂದೆ ನಾನು ಅಂಥದೊಂದು ಕೋಟು ಕೊಂಡೆ. ಅದು ಹೊಸದೆಂದು ನನ್ನ ತಾಯಿಗೆ ಸುಳ್ಳು ಹೇಳಿದೆ. ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಆ ಕೋಟಿನ ಸಂಗತಿ. ಅದರ ಬೆನ್ನಿಗೆ ಬೇರೆ ಕೆಲವು ಬಟ್ಟೆಗಳ ಸಂಗತಿ.

1973ರ ಸೆಪ್ಟೆಂಬರಿನಲ್ಲಿ ನಾನು ಇಂಗ್ಲಿಷ್ ಸಾಹಿತ್ಯದ ಹೆಚ್ಚಿನ ವ್ಯಾಸಂಗಕ್ಕೆಂದು ಇಂಗ್ಲೆಂಡಿನ ಲೀಡ್ಸ್ ಪಟ್ಟಣಕ್ಕೆ ಹೋದೆ. ಧಾರವಾಡದ ಡಿಸೆಂಬರನ್ನೇ ಚಳಿಗಾಲವೆಂದು ನಂಬಿದ್ದವನು ನಾನು. ಊರಿನ ದರ್ಜಿ ಹೊಲಿದುಕೊಟ್ಟ ಒಂದು ಸೂಟು, ಅವ್ವ ಹೆಣೆದ ಒಂದು ಮಫ್ಲರು, ಇಷ್ಟೇ ನನ್ನ ಸನ್ನಾಹ. ವಿದೇಶೀ ವಿನಿಮಯದ ಬಿಗಿ ಕಾಲವದು. ಕೈಯಲ್ಲಿದ್ದ ಪೌಂಡುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ನವೆಂಬರು ಮುಗಿಯುವಷ್ಟರಲ್ಲಿ ಸೂಟು ತನ್ನ ಸೋಲನ್ನು ಒಪ್ಪಿಕೊಂಡಿತು. ಹೊಸ ಓವರ್‌ಕೋಟಿನ ಬೆಲೆಯನ್ನು ಅಂಗಡಿಯ ಗಾಜಿನ ಹೊರಗಿನಿಂದಲೇ ಓದಿ ಹಿಂದಿರುಗುವುದು ನನ್ನ ಸಂಜೆಯ ತಿರುಗಾಟದ ಒಂದು ಭಾಗವಾಯಿತು.

ಅದರ ಮೇಲೆ ಬಂತು 1974ರ ಜನವರಿ. ಕಲ್ಲಿದ್ದಲ ಗಣಿಗಳ ಕಾರ್ಮಿಕರ ಹೋರಾಟದಿಂದ ಇಂಧನಕ್ಕೆ ಕೊರತೆಯಾಗಿ, ಕಾರಖಾನೆ ಅಂಗಡಿಗಳಿಗೆ ವಾರದಲ್ಲಿ ಮೂರೇ ದಿನ ವಿದ್ಯುತ್ತು ಎಂದು ಅಲ್ಲಿಯ ಸರಕಾರ ಕಟ್ಟಳೆ ಮಾಡಿತು. ಮಾರ್ಚಿನ ಮೊದಲ ವಾರದವರೆಗೂ ಅದು ನಡೆಯಿತು. ಸೂರ್ಯ ಮುಳುಗದ ಸಾಮ್ರಾಜ್ಯವೆಂದು ನಾವು ಶಾಲೆಯಲ್ಲಿ ಓದಿದ್ದ ದೇಶದ ಪೇಟೆಬೀದಿಗಳಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಮೇಣದ ಬತ್ತಿ ಹಚ್ಚುತ್ತಿದ್ದರು. ಅಂಥ ಒಂದು ಮಧ್ಯಾಹ್ನ, ಚಳಿ ತಡೆಯಲಾರದೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ನಾನು ಆಕ್ಸ್‌ಫ್ಯಾಮ್ ಸಂಸ್ಥೆಯ ಒಂದು ಅಂಗಡಿಯೊಳಗೆ ಕಾಲಿಟ್ಟೆ.

ಈ ಬಗೆಯ ಅಂಗಡಿಯ ಕ್ರಮ ಹೀಗೆ: ಜನ ತಮಗೆ ಬೇಡವಾದ ಬಟ್ಟೆ, ಪುಸ್ತಕ, ಪಿಂಗಾಣಿಗಳನ್ನು ಪುಕ್ಕಟೆಯಾಗಿ ತಂದು ಕೊಡುತ್ತಾರೆ. ಅಂಗಡಿಯಲ್ಲಿ ಕೂಡುವವರಲ್ಲಿ ಬಹುಮಂದಿ ಸಂಬಳವಿಲ್ಲದೆ ಕೂಡುತ್ತಾರೆ. ಬಂದ ಹಣ ಬಡವರ ಕೆಲಸಕ್ಕೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಧರ್ಮದ ಅಂಗಡಿ ಎಂಬರ್ಥದ ಹೆಸರಿದೆ. ಅಮೆರಿಕದವರು ಮಿತವ್ಯಯದ ಅಂಗಡಿ ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಅವಕಾಶದ ಅಂಗಡಿ. ಒಂದೇ ವಸ್ತುವಿಗೆ ಮೂರು ದೇಶ ಮೂರು ಹೆಸರಿಟ್ಟಿವೆ, ಮೂರರಲ್ಲಿಯೂ 'ಹಳೆಯದು' ಎಂಬ ಮಾತಿಲ್ಲ. ನಾಚಿಕೆ ನಮಗೊಬ್ಬರಿಗೇ ಇರುವಂಥದಲ್ಲ.

ಆಕ್ಸ್‌ಫ್ಯಾಮ್ ಹುಟ್ಟಿದ್ದು 1942ರಲ್ಲಿ, ಯುದ್ಧಕಾಲದ ಗ್ರೀಸ್ ದೇಶದಲ್ಲಿ ಹಸಿವಿನಿಂದ ಸಾಯುತ್ತಿದ್ದವರಿಗೆ ನೆರವಾಗಲೆಂದು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ಅದರ ಅಂಗಡಿ ತೆರೆಯಿತು. ಭಾರತಕ್ಕೆ ಆ ಸಂಸ್ಥೆ ಬಂದದ್ದು 1951ರ ಬಿಹಾರದ ಕ್ಷಾಮದ ಹೊತ್ತಿಗೆ. ಇದನ್ನೆಲ್ಲ ನಾನು ಆಮೇಲೆ ತಿಳಿದೆ. ಆ ದಿನ ಕಂಡದ್ದು ಗೋಡೆಯ ಮೇಲಿನ ಒಂದು ಚಿತ್ರ. ಎಲುಬು ಎಣಿಸಬಹುದಾದ ಒಂದು ಕೂಸು, ಕಣ್ಣು ನಮ್ಮವರ ಕಣ್ಣು. ಮಹಾರಾಷ್ಟ್ರದ ಭೀಕರ ಬರಗಾಲ ಆಗಷ್ಟೇ ಮುಗಿದಿತ್ತು. ಆ ಕೂಸಿಗಾಗಿ ಇಂಗ್ಲಿಷಿನವರು ಕೊಟ್ಟ ಕೋಟುಗಳ ಸಾಲಿನಲ್ಲಿ, ಆ ಕೂಸಿನ ದೇಶದವನೇ ಆದ ನಾನು ನನ್ನ ಅಳತೆಯದನ್ನು ಹುಡುಕುತ್ತ ನಿಂತಿದ್ದೆ. ಕೊಳ್ಳುವವನೋ ಬೇಡುವವನೋ ಎಂಬ ಸಂದೇಹ ಬಂದು ನನ್ನ ಕಿವಿ ಬಿಸಿಯಾದವು. ಚಳಿಯಿದ್ದುದರಿಂದ ಅದೂ ಹಿತವಾಗಿಯೇ ಇತ್ತೆಂದು ಈಗ ಹೇಳಬಹುದು.

ಅಂಗಡಿಯಲ್ಲಿದ್ದಾಕೆ ಬೆಳ್ಳಿಗೂದಲಿನ ಹೆಂಗಸು. ನನ್ನ ತೊಳಲಾಟ ಆಕೆಗೆ ತಿಳಿಯಿತೋ ಇಲ್ಲವೋ, ಗಿರಾಕಿಯನ್ನು ನೋಡುವಂತೆಯೇ ನೋಡಿದಳು. ಹಳೆಯ ಬಟ್ಟೆ ಕೊಳ್ಳುವ ವಿದ್ಯೆಯನ್ನು ಐದು ನಿಮಿಷದಲ್ಲಿ ಕಲಿಸಿದಳು. ಎದುರುಗಡೆ ನೋಡಬಾರದಂತೆ, ಎದುರು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಕೊರಳುಪಟ್ಟಿಯನ್ನು ಮಡಿಚಿ ಅದರ ಹಿಂಬದಿ ನೋಡಬೇಕು. ಬಗಲಿನಲ್ಲಿ ಅಸ್ತರು ಬೆವರಿಗೆ ಕೊಳೆತಿದೆಯೇ ಎಂದು ಬೆರಳಿಟ್ಟು ನೋಡಬೇಕು. ಬೆಳಕಿಗೆ ಹಿಡಿದು ನುಸಿ ಕೊರೆದ ತೂತುಗಳನ್ನು ಹುಡುಕಬೇಕು. ಮೂಸಿ ನೋಡಬೇಕು. ಡಾಂಬರುಗುಳಿಗೆಯ ವಾಸನೆ ಗಾಳಿಗೆ ಹೋಗುತ್ತದೆ, ಮುಗ್ಗಲು ವಾಸನೆ ಹೋಗುವುದಿಲ್ಲ. ಗುಂಡಿ ಹೋಗಿದ್ದರೆ ಚಿಂತೆಯಿಲ್ಲ, ಹೊಲಿಗೆ ಬಿಟ್ಟಿದ್ದರೂ ಚಿಂತೆಯಿಲ್ಲ. ಬಟ್ಟೆಯೇ ಸವೆದಿದ್ದರೆ ಮುಟ್ಟಬಾರದು. ಹೀಗೆ ಹೇಳುತ್ತ ಹೇಳುತ್ತ ಮೇಣದ ಬತ್ತಿಯನ್ನು ಒಂದು ಕಂದು ಬಣ್ಣದ ಉಣ್ಣೆಯ ಕೋಟಿನ ಹತ್ತಿರ ತಂದಳು. ಎರಡು ಪೌಂಡು ಕೊಟ್ಟೆ. ಹಾಕಿಕೊಂಡೇ ಹೊರಬಿದ್ದೆ. ಆ ರಾತ್ರಿ ಅವ್ವನಿಗೆ ನೀಲಿ ಏರೋಗ್ರಾಮಿನಲ್ಲಿ ಬರೆದೆ: ಚಳಿಯ ಚಿಂತೆ ಬೇಡ, ಹೊಸದೊಂದು ಕೋಟು ಕೊಂಡಿದ್ದೇನೆ.

ಸಾಹಿತ್ಯ ಓದಲು ಹೋದವನು ನಾನು. ಆ ಕೋಟು ನನ್ನನ್ನು ಓದಿನ ಬೇರೊಂದು ದಾರಿಗೆ ಎಳೆಯಿತು. ಡಿಕನ್ಸ್ ತನ್ನ ಇಪ್ಪತ್ತರ ಹರೆಯದಲ್ಲಿ ಬರೆದು 1836ರಲ್ಲಿ ಪುಸ್ತಕರೂಪದಲ್ಲಿ ಬಂದ ನಗರಚಿತ್ರಗಳಲ್ಲಿ, ಲಂಡನ್ನಿನ ಮನ್ಮತ್ ಬೀದಿಯ ಹಳೆಬಟ್ಟೆ ಅಂಗಡಿಗಳನ್ನು ಕುರಿತ ಪ್ರಬಂಧವೊಂದಿದೆ. ಅಂಗಡಿಯಲ್ಲಿ ತೂಗಿದ ಅಂಗಿ ಇಜಾರುಗಳನ್ನು ನೋಡುತ್ತ ಅವನು, ಅವೆಲ್ಲ ಒಬ್ಬನೇ ಮನುಷ್ಯನವೆಂದು ಕಲ್ಪಿಸಿ, ಹುಡುಗತನದಿಂದ ಅಧೋಗತಿಯವರೆಗಿನ ಅವನ ಬಾಳನ್ನು ಕಟ್ಟುತ್ತಾನೆ. ಗೊಗೋಲನ ಕಥೆಯಲ್ಲಿ ದರ್ಜಿ ಹಳೆಯ ಕೋಟಿಗೆ ಇನ್ನು ತೇಪೆ ಹಿಡಿಯುವುದಿಲ್ಲವೆಂದು ಹೇಳುವಲ್ಲಿಂದಲೇ ಬಡ ಗುಮಾಸ್ತನ ದುರಂತ ಮೊದಲಾಗುತ್ತದೆ. ಇವನ್ನೆಲ್ಲ ಹಿಂದೆಯೂ ಓದಿದ್ದೆ. ಮೈಮೇಲೆ ಪರರ ಕೋಟು ಹೊತ್ತು ಓದಿದಾಗ ಬೇರೆಯಾಗಿ ಕಂಡವು. ನನ್ನ ಕೋಟಿನ ಹಿಂದಿನ ಒಡೆಯ ಯಾರು? ಸತ್ತನೋ, ದಪ್ಪಗಾದನೋ? ಒಂದು ಜೇಬಿನಲ್ಲಿ ಬಸ್ಸಿನ ಹಳೆಯ ಟಿಕೀಟು ಸಿಕ್ಕಿತ್ತು. ಅಷ್ಟರ ಮೇಲೆ ಡಿಕನ್ಸ್ ಒಂದು ಕಾದಂಬರಿ ಬರೆಯುತ್ತಿದ್ದ; ನನಗೆ ಒಂದು ಪ್ರಬಂಧವೂ ಹೊಳೆಯಲಿಲ್ಲ.

ಲೀಡ್ಸಿಗೆ ಹತ್ತಿರದಲ್ಲೇ ಬ್ಯಾಟ್ಲಿ ಎಂಬ ಊರಿದೆ. ಒಂದು ಭಾನುವಾರ ಸಹಪಾಠಿಯೊಡನೆ ಅಲ್ಲಿಗೆ ಹೋದಾಗ ನನಗೆ ತಿಳಿದದ್ದು, ತೊಡಲಾಗದಷ್ಟು ಹಳೆಯದಾದ ಉಣ್ಣೆಬಟ್ಟೆಗೂ ಪುನರ್ಜನ್ಮವುಂಟೆಂಬುದು. 1813ರ ಸುಮಾರಿಗೆ ಆ ಊರಿನಲ್ಲಿ ಚಿಂದಿ ಉಣ್ಣೆಯನ್ನು ಯಂತ್ರದ ಹಲ್ಲುಗಳಿಂದ ಹರಿದು ಎಳೆ ಮಾಡಿ, ತುಸು ಹೊಸ ಉಣ್ಣೆ ಬೆರೆಸಿ, ಮತ್ತೆ ನೂತು ನೇಯುವ ಉಪಾಯವನ್ನು ಕಂಡುಹಿಡಿದರು. ಹರಿಯುವ ಯಂತ್ರಕ್ಕೆ ಅಲ್ಲಿಯವರು ಇಟ್ಟ ಹೆಸರು 'ದೆವ್ವ'. ಆ ಬಟ್ಟೆಗೆ ಶಾಡಿ ಎಂದು ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ ಸಿಪಾಯಿಗಳಿಗೆ ಅದರ ಸಮವಸ್ತ್ರ ಹೊಲಿಸಿ, ಅವು ಮಳೆಗೆ ಬಿರಿದುಹೋದ ಮೇಲೆ, ಕಳಪೆಯಾದದ್ದಕ್ಕೆಲ್ಲ ಅದೇ ಹೆಸರಾಯಿತು. ಇಂಗ್ಲಿಷ್ ಪಾಠ ಹೇಳುವಾಗ ಆ ವಿಶೇಷಣವನ್ನು ನಾನು ಎಷ್ಟೋ ಉತ್ತರಪತ್ರಿಕೆಗಳ ಮೇಲೆ ಬರೆದಿದ್ದೆ. ಅದು ಒಂದು ಊರಿನವರ ಅನ್ನವಾಗಿತ್ತೆಂದು ನನಗೆ ಗೊತ್ತಿರಲಿಲ್ಲ.

ಆ ಕಸುಬು ಮುಂದೆ ನಮ್ಮ ದೇಶಕ್ಕೆ, ಹರಿಯಾಣದ ಪಾಣಿಪತಕ್ಕೆ ಬಂತು. ಮೂರು ಯುದ್ಧಗಳಿಂದ ನಮಗೆ ಪರಿಚಿತವಾದ ಪಾಣಿಪತ ಇಂದು ಹಳೆಯ ಉಣ್ಣೆಯಿಂದ ಕಂಬಳಿ ಮಾಡುವ ಊರು. ಪಡುವಣ ದೇಶಗಳ ಕೋಟು ಸ್ವೆಟರುಗಳು ಮೂಟೆಗಳಾಗಿ ಅಲ್ಲಿಗೆ ಬರುತ್ತವೆ. ಅವು ಇಲ್ಲಿಯ ಪೇಟೆಯಲ್ಲಿ ಉಡುಪಾಗಿ ಮಾರಾಟವಾಗದಿರಲೆಂದು ಕತ್ತರಿಸಿ ಹಾಳುಮಾಡಿದ ಮೇಲೆಯೇ ಒಳಬಿಡಬೇಕೆಂಬುದು ನಿಯಮ. ಗುಂಡಿ, ಜಿಪ್ಪು, ಅಸ್ತರು ಕಿತ್ತು, ಬಣ್ಣಕ್ಕೆ ತಕ್ಕಂತೆ ಗುಡ್ಡೆ ಹಾಕುವ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳದು. ಅವರನ್ನು ಕುರಿತು 2012ರಲ್ಲಿ 'ಅನ್‌ರಾವೆಲ್' ಎಂಬ ಕಿರುಚಿತ್ರ ಬಂದಿತು. ಇಷ್ಟು ಒಳ್ಳೆಯ ಬಟ್ಟೆಯನ್ನು ಆ ದೇಶದವರೇಕೆ ಎಸೆಯುತ್ತಾರೆಂದು ಆ ಹೆಣ್ಣುಮಕ್ಕಳು ಅದರಲ್ಲಿ ತರ್ಕಿಸುತ್ತಾರೆ. ಅಲ್ಲಿ ನೀರು ಬಹಳ ತುಟ್ಟಿಯಿರಬೇಕು, ಒಗೆಯುವುದಕ್ಕಿಂತ ಎಸೆಯುವುದೇ ಅಗ್ಗವಾಗಿರಬೇಕು ಎಂಬುದು ಅವರ ಊಹೆ. ಅರ್ಥಶಾಸ್ತ್ರದ ಯಾವ ಪಂಡಿತನೂ ಇದಕ್ಕಿಂತ ಸೌಜನ್ಯದ ವಿವರಣೆ ಕೊಟ್ಟಿದ್ದನ್ನು ನಾನರಿಯೆ. ಪಶ್ಚಿಮ ಆಫ್ರಿಕದ ಘಾನಾ ದೇಶದವರು ಅಷ್ಟು ಮೃದುವಲ್ಲ. ಹಾಗೆ ಬರುವ ಬಟ್ಟೆಗೆ ಅವರಿಟ್ಟ ಹೆಸರಿನ ಅರ್ಥ, ಸತ್ತ ಬಿಳಿಯನ ಬಟ್ಟೆ ಎಂದು. ಇಷ್ಟು ಒಳ್ಳೆಯದನ್ನು ಬಿಟ್ಟವನು ಸತ್ತೇ ಇರಬೇಕಲ್ಲವೇ! ಅದರ ದೊಡ್ಡ ಪೇಟೆ, ಅಕ್ರಾ ನಗರದ ಕಂಟಮಾಂಟೊ, 2025ರ ಜನವರಿಯ ಮೊದಲಲ್ಲಿ ಬೆಂಕಿಗೆ ಸಿಕ್ಕಿ ಬಹುಭಾಗ ಸುಟ್ಟುಹೋದ ಸುದ್ದಿ ಓದಿ ನಾನು ನಮ್ಮೂರಿನವರಿಗೇ ನಷ್ಟವಾದಂತೆ ಕುಳಿತಿದ್ದೆ.

ಕೋಟಿಗೆ ಮರಳೋಣ. 1975ರಲ್ಲಿ ಅದನ್ನು ಧಾರವಾಡಕ್ಕೆ ತಂದೆ. ಧಾರವಾಡದಲ್ಲಿ ಅದರ ಉಪಯೋಗವೇನೆಂದು ಕೇಳಬೇಡಿ. ವಿಲಾಯತಿಗೆ ಹೋಗಿಬಂದದ್ದಕ್ಕೆ ಸಾಕ್ಷಿ ಬೇಕಲ್ಲ! ಆ ವರ್ಷದ ಮಳೆಗಾಲ ಮುಗಿದ ಮೇಲೆ ಅವ್ವ ಟ್ರಂಕಿನ ಬಟ್ಟೆಗಳನ್ನೆಲ್ಲ ಅಂಗಳದಲ್ಲಿ ಬಿಸಿಲಿಗೆ ಹಾಕಿದಳು. ನಾನು ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದೆ. ಕೋಟಿನ ತೋಳನ್ನು ಬಿಸಿಲಿಗೆ ತಿರುಗಿಸಿ, ಕಣ್ಣಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು.

"ತಮ್ಮಾ, ಈ ಕೋಟು ಹೊಸದು ಅಂತ ಬರದಿದ್ದೆಲ್ಲಾ?"

"ಹೌದವ್ವಾ."

"ಹೊಸಾ ಕೋಟಿಗೆ ರಫೂ ಯಾಕ ಮಾಡ್ಯಾರಪಾ?"

ಎದ್ದು ಹೋಗಿ ನೋಡಿದೆ. ಮುಂಗೈ ಹತ್ತಿರ ಒಂದು ರೂಪಾಯಿಯಗಲದ ಜಾಗದಲ್ಲಿ, ನೇಯ್ಗೆಯ ಎಳೆಗಳ ಜಾಡನ್ನೇ ಹಿಡಿದು, ಅದೇ ಕಂದು ಬಣ್ಣದ ನೂಲಿನಿಂದ ಯಾರೋ ತೂತನ್ನು ತುಂಬಿದ್ದರು. ಒಂದೂವರೆ ವರ್ಷ ದಿನವೂ ತೊಟ್ಟ ನನಗೆ ಅದು ಕಂಡಿರಲಿಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಮಾರಿದಾಕೆಗೂ ಕಂಡಿರಲಾರದು. ನನಗೆ ಮಾತು ಹೊರಡಲಿಲ್ಲ. ಅವ್ವನೇ ಅಂದಳು:

"ಯಾರೋ ಪುಣ್ಯಾತಗಿತ್ತಿ ಮಾಡ್ಯಾಳ. ಎಷ್ಟ್ ಸಣ್ಣ ಎಳಿ ಹಿಡದಾಳ ನೋಡು. ಅಂಗಡ್ಯಾಗ ರೊಕ್ಕಾ ಕೊಟ್ಟು ಮಾಡಿಸಿದ್ದಲ್ಲ ಇದು, ಮನ್ಯಾಗ ಕೂತು ಮಾಡಿದ್ದು."

"ಇನ್ನೊಬ್ಬರು ಹಾಕ್ಕೊಂಡದ್ದವ್ವಾ ಅದು. ಯಾರವರೋ ಏನೋ. ನಿನಗ ಹೇಳ್ಲಿಕ್ಕೆ ಆಗ್ಲಿಲ್ಲ."

ಮಡಿಯ ವಿಷಯದಲ್ಲಿ ನನ್ನ ತಾಯಿ ಸಡಿಲಿನ ಹೆಂಗಸಲ್ಲ. ನೆರೆಮನೆಯವರ ನೆರಳು ಬಿದ್ದರೆ ಒಣಹಾಕಿದ ಸೀರೆಯನ್ನು ಮತ್ತೆ ಹಿಂಡಿದವಳು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ಉಣ್ಣೀಗೆ ಮೈಲಿಗಿ ಎಲ್ಲೀದು? ನಿಮ್ಮಪ್ಪ ಧಾಬಳಿ ಉಟ್ಟು ದೇವರ ಪೂಜಿ ಮಾಡ್ತಿದ್ರಲ್ಲಾ, ಅದೇನು ದಿನಾ ಒಗದದ್ದಿತ್ತೇನು?" ಎಂದು ಕೋಟನ್ನು ಕೊಡವಿ, ಮಡಚಿ, ಬೇವಿನ ಎಲೆ ಇಟ್ಟು ಟ್ರಂಕಿಗೆ ಸೇರಿಸಿದಳು. ಆ ಮಾತು ಮತ್ತೆಂದೂ ಮನೆಯಲ್ಲಿ ಬರಲಿಲ್ಲ. ಶಾಸ್ತ್ರ ಅವಳಿಗೆ ನಿಜವಾಗಿ ಅಷ್ಟು ಸರಳವಾಗಿ ಕಂಡಿತ್ತೋ, ಅಥವಾ ಆ ರಫೂ ಮಾಡಿದ ಕೈಯ ಮುಂದೆ ಶಾಸ್ತ್ರವನ್ನು ತುಸು ಸರಿಸಿ ಕೂರಿಸಿದಳೋ, ನಾನು ಕೇಳಲಿಲ್ಲ.

ಕೊಳ್ಳುವಾಗ ಇಷ್ಟೆಲ್ಲ ನಾಚಿಕೊಂಡ ನಾವು, ಹಳೆಯ ಬಟ್ಟೆಯನ್ನು ಕೊಡುವಾಗ ಎಳ್ಳಷ್ಟೂ ಸಂಕೋಚಪಟ್ಟವರಲ್ಲ. ಬುಟ್ಟಿಯಲ್ಲಿ ಸ್ಟೀಲಿನ ಬಾಂಡೆಗಳನ್ನು ಹೊತ್ತು ಓಣಿಯಲ್ಲಿ ಕೂಗುತ್ತ ಬರುತ್ತಿದ್ದ ಹೆಂಗಸರನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ನನ್ನ ನಾಲ್ಕು ಪ್ಯಾಂಟು, ಎರಡು ಅಂಗಿಗೆ ಒಂದು ಡಬ್ಬಿ. ಅವ್ವ ಮುಚ್ಚಳವೂ ಬೇಕೆನ್ನುವಳು. ಆಕೆ ಇನ್ನೊಂದು ಅಂಗಿ ಹಾಕಿ ಎನ್ನುವಳು. ಅರ್ಧ ಮುಂಜಾವು ಅದರಲ್ಲಿ ಹೋಗುವುದು. ಆ ಬಟ್ಟೆ ಎಲ್ಲಿಗೆ ಹೋಗುತ್ತದೆಂದು ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ದಿಲ್ಲಿಯಲ್ಲಿ ಈ ವ್ಯಾಪಾರ ಗುಜರಾತಿ ಮೂಲದ ವಾಘರಿ ಜನರದು. ಅವರು ಕೂಡಿಸಿದ ಬಟ್ಟೆ ರಘುಬೀರ್ ನಗರದ ಪೇಟೆಗೆ ಬಂದು, ಬೆಳಕು ಹರಿಯುವ ಮೊದಲೇ ಮಾರಾಟವಾಗಿ, ಒಗೆದು ಇಸ್ತ್ರಿಯಾಗಿ, ಹೊಸದಕ್ಕೆ ದುಡ್ಡಿಲ್ಲದವರ ಮೈ ಸೇರುತ್ತದೆ. ನಮ್ಮಲ್ಲಿಯೂ ದಾರಿ ಹೆಚ್ಚು ಬೇರೆಯಿರಲಾರದು. ಒಮ್ಮೆ ಬಸ್ ನಿಲ್ದಾಣದಲ್ಲಿ ಒಬ್ಬ ಹಮಾಲ ನನ್ನ ಪೆಟ್ಟಿಗೆಯನ್ನೆತ್ತಲು ಬಂದ. ತೊಟ್ಟಿದ್ದದ್ದು ನನ್ನ ಅಂಗಿ. ಮೂರನೆಯ ಗುಂಡಿಗೆ ಬೇರೆ ಬಣ್ಣದ್ದನ್ನು ಹಚ್ಚಿದ್ದು ನನ್ನ ಹೆಂಡತಿ. ಅವನಿಗೆ ಅದು ನನಗಿಂತ ಚೆನ್ನಾಗಿ ಒಪ್ಪಿತ್ತು. ನಾನೇ ಕಳ್ಳನಂತೆ ಮುಖ ತಿರುಗಿಸಿದೆ.

ಅವ್ವ ತನ್ನ ಸೀರೆಗಳನ್ನು ಮಾತ್ರ ಬಾಂಡೆಗೆ ಕೊಟ್ಟವಳಲ್ಲ. ನೂಲಿನ ಸೀರೆ ಮೆತ್ತಗಾದ ಮೇಲೆ ಕೌದಿಗೆ ಹೋಗಬೇಕು. ಹೊಲಿಯುವ ಹೆಣ್ಣುಮಕ್ಕಳು ಬಂದು ಪಡಸಾಲೆಯಲ್ಲಿ ಪದರಿನ ಮೇಲೆ ಪದರು ಹಾಸಿ, ಒಬ್ಬೊಬ್ಬರು ಒಂದೊಂದು ಅಂಚಿನಿಂದ ಹೊಲಿಯುತ್ತ ಕೂಡುತ್ತಿದ್ದರು. ಮೇಲೆ ಚೆಂದದ ತುಂಡುಗಳು, ಒಳಗೆ ಹೆಸರಿಲ್ಲದ ಚಿಂದಿ. ನಮ್ಮ ಮನೆಯ ಮಕ್ಕಳೆಲ್ಲ ಅಜ್ಜಿ, ಅತ್ತೆ, ಅವ್ವ ಉಟ್ಟದ್ದನ್ನೇ ಹೊದ್ದು ಬೆಳೆದವರು. ಅದಕ್ಕೆ ನಾವ್ಯಾರೂ ಉಟ್ಟುಬಿಟ್ಟ ಬಟ್ಟೆ ಎನ್ನಲಿಲ್ಲ.

ಅವಳು 1991ರಲ್ಲಿ ತೀರಿಕೊಂಡಳು. ನೂಲಿನ ಸೀರೆಗಳು ಅವಳಿಚ್ಛೆಯಂತೆ ಕೌದಿಯಾದವು. ಉಳಿದದ್ದು ಮದುವೆಯ ರೇಷ್ಮೆ ಸೀರೆ. ಅಗಲವಾದ ಜರದ ದಡಿ. ಮಡಿಕೆಗಳಲ್ಲಿ ರೇಷ್ಮೆ ಬಿರಿಯತೊಡಗಿತ್ತು. ಇಂಥ ಸೀರೆಯನ್ನು ಇನ್ನಾರು ಉಡುತ್ತಾರೆ, ಬೇರೆಯವರು ಉಟ್ಟರೆ ಅದೇನು ಚೆಂದ ಎಂದು ನಾನೇ ವಾದಿಸಿ, ಮರುವರ್ಷ ಹುಬ್ಬಳ್ಳಿಯಲ್ಲಿ ಹಳೆಯ ಜರಿ ಕೊಳ್ಳುವ ಒಬ್ಬರ ಅಂಗಡಿಗೆ ಒಯ್ದೆ. ಹಿಂದಿನ ಕಾಲದ ಅಸಲು ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಅಂಗಡಿಯಾತ ದಡಿಯನ್ನು ಕತ್ತರಿಸಿ ಬೇರೆ ಮಾಡಿದ. ನಡುವಿನ ಸೀರೆಯನ್ನು ಮೂಲೆಗೆ ಎಸೆದ. ತೂಕದಲ್ಲಿ ಮೋಸವಿಲ್ಲವೆಂದು ನನಗೆ ತೋರಿಸಲು ದಡಿಯನ್ನು ನನ್ನೆದುರಿಗೇ ಸುಟ್ಟ. ರೇಷ್ಮೆ ಸುಡುವ ವಾಸನೆ ಕೂದಲು ಸುಡುವ ವಾಸನೆಯೇ. ಹಿಂದಿನ ವರ್ಷ ಅದೇ ವಾಸನೆಯನ್ನು ನಾನು ಬೇರೊಂದು ಕಡೆ ತಡೆದುಕೊಂಡು ನಿಂತಿದ್ದೆ. ಬೂದಿಯನ್ನು ಮೂಸೆಯಲ್ಲಿ ಕರಗಿಸಿದಾಗ ತಳದಲ್ಲಿ ಬೆಳ್ಳಿಯದೊಂದು ಸಣ್ಣ ಗಟ್ಟಿ ಉಳಿಯಿತು. ಏಳುನೂರು ರೂಪಾಯಿ ಎಣಿಸಿ ಕೊಟ್ಟ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ.

ದಾರಿಯಲ್ಲಿ ಬಸ್ಸಿನಲ್ಲಿ ಕುಳಿತಾಗ ನನಗೆ ಕೋಟಿನ ತೋಳು ನೆನಪಾಯಿತು. ಯಾವಳೋ ಒಬ್ಬಳು, ಹೆಸರರಿಯದ ಊರಿನಲ್ಲಿ, ನನ್ನ ಅವ್ವನ ಸೀರೆಯುಟ್ಟು ಯಾರದೋ ಮದುವೆಗೆ ಹೋಗುತ್ತಿದ್ದರೆ, ಬಿರಿದ ಮಡಿಕೆಯನ್ನು ಬೆರಳಿನಿಂದ ಸವರಿ ಒಳಗೆ ಸೇರಿಸಿಕೊಳ್ಳುತ್ತಿದ್ದರೆ, ನನಗೇನು ಕಡಿಮೆಯಾಗುತ್ತಿತ್ತು? ಅಂಥ ಸೀರೆಗಳನ್ನು ಹುಡುಕಿ ಉಡುವವರು ಈಗ ಎಷ್ಟೋ ಜನರಿದ್ದಾರೆ. ಅದರ ಬೆಳ್ಳಿಗಿಂತ ಹೆಚ್ಚು ಬೆಲೆ ಕೊಡುತ್ತಾರೆ. ಬೆಲೆಯ ಮಾತಿಗಾಗಿ ಇದನ್ನು ಹೇಳುತ್ತಿಲ್ಲ.

1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯ ಭೂಕಂಪವಾಯಿತು. ಲಾತೂರು ನಮಗೇನು ದೂರವಲ್ಲ. ನಮ್ಮ ಓಣಿಯಲ್ಲಿಯೂ ಬಟ್ಟೆ ಕೂಡಿಸಲು ಹುಡುಗರು ಬಂದರು. ಜನ ಕೊಟ್ಟದ್ದನ್ನು ನೋಡಿ ನಾಚಿಕೆಯಾಯಿತು. ಹರಿದ ಬನಿಯನ್ನು, ಒಂದು ಕಾಲಿನ ಚೀಲ, ನೈಲಾನಿನ ಜರಿಪೋಷಾಕು. ನಾನು ಕೋಟನ್ನು ಬಿಸಿಲಿಗೆ ಹಾಕಿದೆ, ಬ್ರಷ್ಷಿನಿಂದ ಕೊಡವಿದೆ, ಹೋಗಿದ್ದ ಒಂದು ಗುಂಡಿಯನ್ನು ಹೆಂಡತಿಯಿಂದ ಹೊಲಿಸಿ ಕೊಟ್ಟೆ. ಯಾರ ಮೈ ಸೇರಿತೋ, ಯಾವ ಮುದುಕ ರಾತ್ರಿ ಕಾಲಿನ ಮೇಲೆ ಎಳೆದುಕೊಂಡನೋ, ಅಥವಾ ಮೂಟೆಯಲ್ಲೇ ಕೊಳೆಯಿತೋ.

ಕಳೆದ ವರ್ಷ ಬೆಂಗಳೂರಿಗೆ ಹೋದಾಗ ಮೊಮ್ಮಗಳು ಒಂದು ಭಾನುವಾರ ಮುಂಜಾನೆ ಚಿಕ್ಕಪೇಟೆಯ ಬಳಿಯ ಸಂಡೇ ಬಜಾರಿಗೆ ನನ್ನನ್ನು ಎಳೆದುಕೊಂಡು ಹೋದಳು. ರಸ್ತೆಯ ಮೇಲೆ ತಾಡಪತ್ರಿ ಹಾಸಿ, ಅದರ ಮೇಲೆ ಗುಡ್ಡೆ ಗುಡ್ಡೆ ಬಟ್ಟೆ. ಅವಳೊಂದು ನೀಲಿ ಜೀನ್ಸ್ ಬಟ್ಟೆಯ ಜಾಕೀಟನ್ನು ಎಳೆದು ಎತ್ತಿ ಹಿಡಿದಳು. ಸುತ್ತಲೂ ಜನರಿದ್ದರು, ಅವಳಿಗೆ ಯಾವ ಮುಜುಗರವೂ ಇದ್ದಂತಿರಲಿಲ್ಲ. "ಅಜ್ಜಾ, ವಿಂಟೇಜ್!" ಎಂದಳು. ಆ ಮಾತು ಹುಟ್ಟಿದ್ದು ದ್ರಾಕ್ಷಿಯ ಕೊಯ್ಲಿನಿಂದ ಎಂದು ಹೇಳಬೇಕೆಂದಿದ್ದೆ, ಮೇಷ್ಟರ ಚಟ. ಅಷ್ಟರಲ್ಲಿ ಅವಳು ವ್ಯಾಪಾರಿಯೊಡನೆ ಚೌಕಾಶಿಗೆ ಇಳಿದಿದ್ದಳು. ಅವನು ಮುನ್ನೂರೆಂದ. ಅವಳು ನೂರೈವತ್ತೆಂದಳು.

ನಾನು ಜಾಕೀಟನ್ನು ಕೈಗೆ ತೆಗೆದುಕೊಂಡು ಕೊರಳುಪಟ್ಟಿಯ ಹಿಂಬದಿ ನೋಡಿದೆ, ಬಗಲು ನೋಡಿದೆ, ಮೂಸಿದೆ. ತೋಳನ್ನು ಬಿಸಿಲಿಗೆ ತಿರುಗಿಸಿದೆ. ಮೊಣಕೈಯಲ್ಲಿ ಚಿಕ್ಕದೊಂದು ತೂತು, ಯಾರೂ ಅದಕ್ಕೆ ಕೈ ಹಚ್ಚಿರಲಿಲ್ಲ. ಇನ್ನೂರಕ್ಕೆ ವ್ಯಾಪಾರ ಮುಗಿಯಿತು. ಮನೆಗೆ ಬಂದು ಸೊಸೆಯನ್ನು ಕೇಳಿ ಒಂದು ಸೂಜಿ ಇಸಿದುಕೊಂಡೆ. ನೀಲಿ ದಾರ ಮನೆಯಲ್ಲಿರಲಿಲ್ಲ. ಮೊಮ್ಮಗಳು ತರಲೆಂದು ಕೆಳಗೆ ಓಡಿದಳು.